‘ಹುರಾರ್’ ಕ್ರಿಯಾಪದದ ಭವಿಷ್ಯತ್ ಕಾಲ: ಒಂದು ಸೂಕ್ಷ್ಮಬೋಧನೆ

ಉದಾಹರಣೆಗಳ ಮೂಲಕ ವಿವರಿಸುವ ಕೌಶಲದ ಅಭ್ಯಾಸಕ್ಕೆ ನಾನು ಆರಿಸಿಕೊಂಡದ್ದು ಸ್ಪ್ಯಾನಿಷ್ ಭಾಷೆಯ ‘ಹುರಾರ್’ ಕ್ರಿಯಾಪದ. ಆಣೆ ಇಡು, ಪ್ರಮಾಣ ಮಾಡು ಎಂಬುದು ಅದರ ಅರ್ಥ. ವಿಜ್ಞಾನದ ಪಾಠವಾದರೆ ಸಹಪಾಠಿಗಳು ಗೊತ್ತಿದ್ದೂ ಗೊತ್ತಿಲ್ಲದಂತೆ ಕುಳಿತಿರುತ್ತಾರೆ. ಈ ಭಾಷೆ ಅವರಿಗೆ ನಿಜವಾಗಿಯೂ ಹೊಸದು.

ಸ್ಪ್ಯಾನಿಷ್‌ನ ಭವಿಷ್ಯತ್ ಕಾಲದಲ್ಲಿ ಈ ಕ್ರಿಯಾಪದದ ಮೂಲರೂಪವನ್ನು ಕತ್ತರಿಸುವುದಿಲ್ಲ. ‘ಹುರಾರ್’ ಎಂಬ ಇಡೀ ರೂಪಕ್ಕೇ ಪ್ರತ್ಯಯ ಹತ್ತುತ್ತದೆ. ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ:

ನಾನು – ಹುರರೇ
ನೀನು – ಹುರರಾಸ್
ಅವನು, ಅವಳು – ಹುರರಾ
ನಾವು – ಹುರರೇಮೊಸ್
ನೀವು – ಹುರರೇಯಿಸ್
ಅವರು – ಹುರರಾನ್

ಇಲ್ಲಿನ ದೀರ್ಘ ಒತ್ತು ಬೀಳುವ ಜಾಗವನ್ನು ತೋರಿಸುತ್ತದೆ. ಒತ್ತು ತಪ್ಪಿದರೆ ಅರ್ಥವೂ ತಪ್ಪುತ್ತದೆ. ‘ಹುರರಾ’ ಎಂದರೆ ಅವನು ಪ್ರಮಾಣ ಮಾಡುವನು. ‘ಹುರಾರ’ ಎಂದರೆ, ಒಂದು ವೇಳೆ ಪ್ರಮಾಣ ಮಾಡಿದರೆ ಎಂಬಂಥ ಕಲ್ಪಿತ ಸಂದರ್ಭದ ರೂಪ.

ಎಲ್ಲರೂ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸಿದರು. ಮೌಲ್ಯಮಾಪನಕ್ಕೆ, ಸಾಕ್ಷಿ ನ್ಯಾಯಾಲಯದಲ್ಲಿ ನಿಂತು ‘ಪ್ರಮಾಣ ಮಾಡುತ್ತೇನೆ’ ಎನ್ನಲು ಯಾವ ರೂಪ ಬಳಸಬೇಕು ಎಂದು ಕೇಳಿದೆ. ಎಲ್ಲರೂ ಒಕ್ಕೊರಲಿನಿಂದ ‘ಹುರರೇ’ ಎಂದರು. ಸರಿಯುತ್ತರ ವರ್ತಮಾನದ ‘ಹೂರೊ’. ‘ಹುರರೇ’ ಎಂದವನು ಪ್ರಮಾಣ ಮಾಡಿದಂತಾಗಲಿಲ್ಲ. ಮುಂದೆ ಮಾಡುವೆನೆಂದು ತಿಳಿಸಿದಂತಾಯಿತು, ಅಷ್ಟೆ.

ತಪ್ಪು ನನ್ನದೇ. ಕನ್ನಡದಲ್ಲಿ ‘ಈಗ ಮಾಡುತ್ತೇನೆ’, ‘ನಾಳೆ ಮಾಡುತ್ತೇನೆ’ ಎರಡಕ್ಕೂ ಒಂದೇ ರೂಪ ಸಾಕು. ‘ಮಾಡುವೆನು’ ಎಂಬುದು ಹೆಚ್ಚಾಗಿ ಬರವಣಿಗೆಯಲ್ಲಿ ಉಳಿದಿದೆ. ನಾನು ಪಾಠದುದ್ದಕ್ಕೂ ‘ಹುರರೇ’ ಪದಕ್ಕೆ ‘ಪ್ರಮಾಣ ಮಾಡುತ್ತೇನೆ’ ಎಂದೇ ಅರ್ಥ ಹೇಳಿದ್ದೆ.

ಮರುಬೋಧನೆಯಲ್ಲಿ ಪಟ್ಟಿಯನ್ನು ಬದಿಗಿಟ್ಟು ಸನ್ನಿವೇಶದಿಂದ ಆರಂಭಿಸಿದೆ. 1978ರ ಸ್ಪೇನ್ ಸಂವಿಧಾನದ 61ನೆಯ ವಿಧಿಯಂತೆ ದೊರೆ ಸಂಸತ್ತಿನ ಮುಂದೆ ಪ್ರಮಾಣ ಮಾಡಬೇಕು. ಆರನೆಯ ಫೆಲಿಪೆ 2014ರ ಜೂನ್ 19ರಂದು ಪ್ರಮಾಣ ಮಾಡಿದರು. ಹಿಂದಿನ ದಿನ ಅವರ ಬಗ್ಗೆ ಏನೆನ್ನಬೇಕು? ‘ಹುರರಾ’. ಆ ಕ್ಷಣದಲ್ಲಿ ಸ್ವತಃ ಅವರು ಏನೆನ್ನಬೇಕು? ‘ಹೂರೊ’. ಈ ಸಲ ಉತ್ತರಕ್ಕೆ ಯಾರೂ ತಡವರಿಸಲಿಲ್ಲ.

ಪಟ್ಟಿ ಬಾಯಿಗೆ ಬಂದ ಮಾತ್ರಕ್ಕೆ ಪಾಠ ತಲೆಗೆ ಹತ್ತಿತೆಂದು ನಂಬಬಾರದು. ಹೊಸ ಭಾಷೆಯಲ್ಲಿ ಬೇರೆಬೇರೆಯಾಗಿರುವ ಯಾವುದನ್ನು ನಮ್ಮ ಭಾಷೆ ಒಂದೇ ರೂಪದಲ್ಲಿ ಹೇಳುತ್ತದೆ ಎಂಬ ಪ್ರಶ್ನೆಯನ್ನು ಈಗ ನನ್ನ ಪಾಠಯೋಜನೆಯ ಮೊದಲ ಸಾಲಿನಲ್ಲೇ ಬರೆದುಕೊಳ್ಳುತ್ತೇನೆ.