ಸಂಬಳದ ಜೊತೆ ವಿಮೆಯ ಲೆಕ್ಕವನ್ನೂ ಹಾಕಿ

ಪ್ರಶ್ನೆ: ಅಮೆರಿಕ, ಜರ್ಮನಿ ಎರಡೂ ಕಡೆ ಕೆಲಸ ಸಿಕ್ಕಿದೆ. ಅಮೆರಿಕದಲ್ಲಿ ಸಂಬಳ ಹೆಚ್ಚು. ಪತ್ನಿಗೆ ಸಕ್ಕರೆ ಕಾಯಿಲೆಯಿದೆ, ಉದ್ಯೋಗವಿಲ್ಲ, ಮಗಳು ಚಿಕ್ಕವಳು. ಚಿಕಿತ್ಸೆಯ ದೃಷ್ಟಿಯಿಂದ ಯಾವುದು ಮೇಲು?

ಉತ್ತರ: ಜರ್ಮನಿಯ ಸಾರ್ವಜನಿಕ ವಿಮೆಗೆ ಸಂಬಳದ ಶೇ 14.6 ಮತ್ತು ಸ್ವಲ್ಪ ಹೆಚ್ಚುವರಿ ವಂತಿಗೆ ಕಟ್ಟಬೇಕು. ಅದರಲ್ಲಿ ಅರ್ಧ ಕಂಪನಿಯದು. ಆದಾಯವಿಲ್ಲದ ಪತ್ನಿ, ಮಗಳಿಗೆ ಅದರಲ್ಲೇ ರಕ್ಷಣೆ, ಬೇರೆ ಕಂತಿಲ್ಲ. ದೊಡ್ಡವರು ಆಸ್ಪತ್ರೆಗೆ ದಾಖಲಾದರೆ ದಿನಕ್ಕೆ 10 ಯೂರೊ ಕೊಡಬೇಕು, ಅದೂ ವರ್ಷಕ್ಕೆ 28 ದಿನ ಮಾತ್ರ. ತೊಂದರೆಯೆಂದರೆ, ತಜ್ಞ ವೈದ್ಯರ ಭೇಟಿಗೆ ಎಷ್ಟೋ ಸಲ ವಾರಗಟ್ಟಲೆ ಕಾಯಬೇಕು.

ಅಮೆರಿಕದಲ್ಲಿ ಕಂತು ಕಟ್ಟಿದರೂ ಸಾಮಾನ್ಯವಾಗಿ ‘ಡಿಡಕ್ಟಿಬಲ್’ ಎಂಬ ನಿಗದಿತ ಮೊತ್ತ ಮುಗಿಯುವವರೆಗೆ ಹೆಚ್ಚಿನ ಖರ್ಚು ನಿಮ್ಮದೇ. 2025ರಲ್ಲಿ ಕುಟುಂಬವೊಂದು ವರ್ಷಕ್ಕೆ ಕೈಯಿಂದ ಹಾಕಬೇಕಾದ ಗರಿಷ್ಠ ಮೊತ್ತ 18,400 ಡಾಲರ್, ಕಂತು ಬೇರೆ. ವಿಮೆಯ ಪಟ್ಟಿಯಲ್ಲಿಲ್ಲದ ವೈದ್ಯರ ಬಳಿ ಹೋದರೆ ಈ ಮಿತಿಯೂ ಸಾಮಾನ್ಯವಾಗಿ ಅನ್ವಯಿಸದು. ಕೆಲಸ ಹೋದರೆ ಹಳೆಯ ವಿಮೆ ಉಳಿಸಿಕೊಳ್ಳಲು ಪೂರ್ತಿ ಕಂತು ನೀವೇ ಕಟ್ಟಬೇಕು. ಸಮಾಧಾನದ ಸಂಗತಿಯೆಂದರೆ, 2014ರಿಂದ ಹಳೆಯ ಕಾಯಿಲೆಯ ನೆಪದಲ್ಲಿ ವಿಮೆ ನಿರಾಕರಿಸುವಂತಿಲ್ಲ.

ಪ್ರತಿ ತಿಂಗಳೂ ಔಷಧಿ ಬೇಕಾದ ನಿಮ್ಮ ಮನೆಗೆ ಜರ್ಮನಿಯೇ ಮೇಲು ಎಂಬುದು ನನ್ನ ಸಲಹೆ. ಅಮೆರಿಕಕ್ಕೇ ಹೋಗುವುದಾದರೆ, ಒಪ್ಪಿಗೆ ಕೊಡುವ ಮುನ್ನ ಕಂಪನಿಯಿಂದ ವಿಮೆಯ ವಿವರ ತರಿಸಿಕೊಳ್ಳಿ. ಪತ್ನಿಯ ಇನ್ಸುಲಿನ್ ಅದರ ಔಷಧಿ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ.