ಸಾಹಿತ್ಯ ಶಬ್ದದ ಅರ್ಥವೂ ವ್ಯಾಪ್ತಿಯೂ

‘ಸಾಹಿತ್ಯ’ವೆಂಬ ಶಬ್ದವು ‘ಸಹಿತ’ವೆಂಬುದರಿಂದ ನಿಷ್ಪನ್ನವಾದುದು. ಸಹಿತವಾಗಿರುವಿಕೆಯೇ ಸಾಹಿತ್ಯ. ಯಾವುದು ಯಾವುದರೊಡನೆ ಸಹಿತವಾಗಿರಬೇಕು? ಶಬ್ದವೂ ಅರ್ಥವೂ ಕೂಡಿರುವುದೇ ಕಾವ್ಯವೆಂದು ಭಾಮಹನು ಹೇಳಿದನು. ಈ ಕೂಟದಲ್ಲಿ ಒಂದು ಮತ್ತೊಂದಕ್ಕಿಂತ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದೆಂದು ಕುಂತಕನು ಮುಂದೆ ವಿವರಿಸಿದನು.

ಇವರಾರೂ ಛಂದಸ್ಸಿಲ್ಲದುದು ಸಾಹಿತ್ಯವಲ್ಲವೆನ್ನಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ದಂಡಿಯು ಗದ್ಯ, ಪದ್ಯ, ಮಿಶ್ರವೆಂದು ಮೂರನ್ನೂ ಎಣಿಸಿದನು. ಕನ್ನಡದಲ್ಲಿ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಗದ್ಯಕಾರರನ್ನು ಹೆಸರಿಸಿದೆ. ಆದುದರಿಂದ ವಚನವು ಗದ್ಯವೋ ಪದ್ಯವೋ ಎಂಬ ವಿವಾದವನ್ನು ಅದರಲ್ಲಿ ರುಚಿಯುಳ್ಳವರಿಗೇ ಬಿಡೋಣ.

ಭಕ್ತರ ಶಂಕೆ ಬೇರೆಯದು. ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ವಚನಶಾಸ್ತ್ರಸಾರ’ವೆಂದು ಹೆಸರಿಟ್ಟರು. ಇಂದು ‘ವಚನ ಸಾಹಿತ್ಯ’ವೆಂಬುದೇ ರೂಢಿಯಾಗಿದೆ. ಶಾಸ್ತ್ರವನ್ನು ಸಾಹಿತ್ಯವೆಂದು ಕರೆದರೆ, ಬಾಳಿಗೆ ದಾರಿಯಾಗಬೇಕಾದುದು ಉಪಮೆ ರೂಪಕಗಳನ್ನು ಗುರುತಿಸುವಲ್ಲಿಯೇ ಮುಗಿದುಹೋಗದೇ?

ಈ ಶಂಕೆ ನಿರಾಧಾರವಲ್ಲ. ನಾನೇ ಅದಕ್ಕೆ ಸಾಕ್ಷಿ. ಆಯ್ದಕ್ಕಿ ಲಕ್ಕಮ್ಮನ ವಚನವೊಂದನ್ನು ಬೋಧಿಸುತ್ತ, ಒಮ್ಮೆ ಪದಗಳ ಅರ್ಥವನ್ನೂ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ವೆಂಬ ಅಂಕಿತವನ್ನೂ ಬರೆಯಿಸಿ ಪಾಠ ಮುಗಿಸಿದ್ದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಗುರುಗಳೇ, ಆಯ್ದ ಅಕ್ಕಿ ಎಂದರೆ ಯಾರ ಅಕ್ಕಿ?” ಎಂದು ಕೇಳಿದನು. ಅದನ್ನು ನಾನು ಹೇಳಿಯೇ ಇರಲಿಲ್ಲ!

ಮಾರಯ್ಯನು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ತಮಗೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆಯೆಂದು ಸತಿಯು ಅದನ್ನು ಹಿಂದಕ್ಕೆ ಕಳುಹಿಸಿದಳೆಂದು ಶರಣಚರಿತೆ ಹೇಳುತ್ತದೆ. ಆ ಅಕ್ಕಿಯನ್ನು ಮನೆಯೊಳಗೆ ಇಟ್ಟುಕೊಂಡಿದ್ದರೆ ಅವಳ ನುಡಿಯಲ್ಲಿ ಶಬ್ದವಿರುತ್ತಿತ್ತು, ಅರ್ಥವೂ ಇರುತ್ತಿತ್ತು, ಆದರೆ ಕೇಳುವವರಾರು? ಅಲಂಕಾರಶಾಸ್ತ್ರಜ್ಞರು ಶಬ್ದಾರ್ಥಗಳೆರಡನ್ನು ಕೂಡಿಸಿದರು. ಶರಣರು ಅವುಗಳೊಡನೆ ನಡೆಯನ್ನೂ ಕೂಡಿಸಿದರು. ಸಾಹಿತ್ಯದ ವ್ಯಾಪ್ತಿಯನ್ನು ಅಲ್ಲಿಯವರೆಗೆ ಹಿಗ್ಗಿಸಿದರೆ ಶಾಸ್ತ್ರಕ್ಕೆ ಅದರಿಂದ ಕುಂದಿಲ್ಲವೆಂದು ನನ್ನ ಅಭಿಪ್ರಾಯ. ಹಗ್ಗ ಹೊಸೆಯುವ ಚಂದಯ್ಯನೂ ದೋಣಿ ನಡೆಸುವ ಚೌಡಯ್ಯನೂ ಸಾಹಿತ್ಯದೊಳಗೆ ಬಂದುದು ಆ ಬಾಗಿಲಿನಿಂದಲೇ.

ಈಗ ನಾನು ಆ ಪಾಠವನ್ನು ಅಕ್ಕಿಯಿಂದಲೇ ಆರಂಭಿಸುತ್ತೇನೆ. ಗಂಟೆ ಬಾರಿಸುವ ಮುನ್ನ ಹೊತ್ತು ಉಳಿದರೆ ಅಲಂಕಾರದ ಹೆಸರನ್ನೂ ಹೇಳುವುದುಂಟು.