ಲಾರಿ ಚಾಲನಾ ವಿದ್ಯೆ

ಗಾಡಿಯನ್ನು ಓಡಿಸುವುದು ಬೇರೆ, ಅದನ್ನು ಅಂಕೆಯಲ್ಲಿಡುವುದು ಬೇರೆ. ಈ ಭೇದವನ್ನರಿಯದೆ ಸರಕು ತುಂಬಿದ ಲಾರಿಯನ್ನು ನಡೆಸುವ ತರುಣನು ತನಗೂ ಪರರಿಗೂ ವಿಪತ್ತನ್ನು ತರುವನು.

ಕ್ಲೀನರನಾಗಿ ಸೇರಿ, ಚಾಲಕನ ಮಗ್ಗುಲಲ್ಲಿ ಕುಳಿತು, ನೋಡಿ ಕಲಿಯುವುದು ನಮ್ಮ ನಾಡಿನ ವಾಡಿಕೆ. ಆ ಅನುಭವವನ್ನು ಅಲ್ಲಗಳೆಯಲಾಗದು. ಆದರೆ ಗುರುವಿನ ಗುಣದೊಡನೆ ಅವನ ದೋಷವೂ ಶಿಷ್ಯನಿಗೆ ಇಳಿದುಬರುತ್ತದೆ. ಆದುದರಿಂದಲೇ ಕ್ರಮಬದ್ಧವಾದ ಶಿಕ್ಷಣವು ಅವಶ್ಯವೆನಿಸುತ್ತದೆ. 1988ರ ಮೋಟಾರು ವಾಹನ ಕಾಯಿದೆಯಂತೆ ಸಾರಿಗೆ ವಾಹನದ ಚಾಲಕನಿಗೆ 20 ವರ್ಷ ತುಂಬಿರಬೇಕು.

ಶಿರಾಡಿ ಘಾಟಿಯ ಇಳಿಜಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅನನುಭವಿಯು ಬ್ರೇಕನ್ನು ತುಳಿದುಕೊಂಡೇ ಇಳಿಯುತ್ತಾನೆ. ಡ್ರಮ್ಮು ಕಾದು ಬ್ರೇಕಿನ ಹಿಡಿತವು ಕುಂದುತ್ತದೆ. ಶಿಕ್ಷಿತನಾದರೋ ಇಳಿಜಾರಿಗೆ ಮುನ್ನವೇ ಕೆಳಗಿನ ಗೇರಿಗೆ ಬಂದು, ಎಂಜಿನ್ನಿನ ತಡೆಯಿಂದ ವೇಗವನ್ನು ಹಿಡಿದಿಡುತ್ತಾನೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿಯು ಈ ತಡೆಯನ್ನೇ ಇಲ್ಲವಾಗಿಸುತ್ತದೆ.

ವಿಶ್ರಾಂತಿಯೂ ಈ ವಿದ್ಯೆಯ ಅಂಗವೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆಗಳ ದುಡಿಮೆಯನ್ನು ಗೊತ್ತುಪಡಿಸಿತು. ನಿದ್ದೆಗೆಟ್ಟ ಕಣ್ಣಿಗೆ ಯಾವ ಕಲಿಕೆಯೂ ಒದಗದು.

ಸಾರಿಗೆ ಚಾಲಕರಿಗೆ ವಿಧಿಸಿದ್ದ 8ನೆಯ ತರಗತಿಯ ವಿದ್ಯಾರ್ಹತೆಯನ್ನು ಕೇಂದ್ರ ಸರಕಾರವು 2019ರಲ್ಲಿ ತೆಗೆದುಹಾಕಿತು. ಬಡ ತರುಣರಿಗೆ ಜೀವನೋಪಾಯದ ಬಾಗಿಲು ತೆರೆದುದು ಯುಕ್ತವೇ. ಆದರೆ ಅಕ್ಷರದ ಆವಶ್ಯಕತೆಯು ಅದರಿಂದ ತೀರಲಿಲ್ಲ. ರಸ್ತೆಯ ಫಲಕ, ತೂಕದ ಚೀಟಿ, ಅಪಾಯಕರ ಸರಕಿನ ಸೂಚನೆ ಇವುಗಳನ್ನು ಓದಲಾರದವನು ಪರರ ಮಾತನ್ನೇ ನಂಬಿ ನಡೆಯಬೇಕಾಗುತ್ತದೆ. ಕಾಯಿದೆಯು ಇಳಿಸಿದ ಭಾರವನ್ನು ಕಲಿಸುವವರು ಹೊರಬೇಕಾಗಿದೆ. ಚಾಲಕನ ಕೈಗೆ ಚಕ್ರವನ್ನು ಕೊಡುವ ಮುನ್ನ ವಿವೇಕವನ್ನು ಕೊಡುವುದೇ ನಿಜವಾದ ಶಿಕ್ಷಣ.